ಮೂರನೇ ಪ್ಲಾಟ್‌ಫಾರಂನ ದನಿ

ಆಸ್ಪತ್ರೆಯಲ್ಲಿ ಅವಳಿಗೆ ಸೂಜಿ ಎಂದು ಹೆಸರು ಬಿದ್ದು ಎಂಟು ವರ್ಷವಾಗಿತ್ತು. ಹೆಸರಿಟ್ಟವರು ದೊಡ್ಡ ಡಾಕ್ಟರೇ. ಕಲಿಯಲು ಬಂದ ಮೊದಲ ವರ್ಷದ ಕೊನೆಯಲ್ಲಿ, ಮೈಕ್ರೋಸ್ಕೋಪಿನಡಿ ಒಬ್ಬ ರೋಗಿಯ ಗಂಟಲಿನಿಂದ ಸಾಸಿವೆಯಷ್ಟು ಗಂಟನ್ನು ಸುತ್ತಲಿನ ಪೊರೆ ಕದಲದ ಹಾಗೆ ಅವಳು ಎತ್ತಿದ್ದನ್ನು ಕಂಡು, "ಇದು ಕೈಯಲ್ಲ, ಸೂಜಿ" ಎಂದಿದ್ದರು. ನರ್ಸುಗಳು ಅದನ್ನು ಬಿಡದೆ ಹಿಡಿದುಕೊಂಡರು. ಆಮೇಲೆ ಊಟದ ಕೋಣೆಯಲ್ಲೂ ಅವಳು ಸೂಜಿಯೇ.

ದೊಡ್ಡ ಡಾಕ್ಟರು ಸ್ವರತಂತು ಬಿಟ್ಟು ಬೇರೇನನ್ನೂ ಮುಟ್ಟಿದವರಲ್ಲ. ಗಂಟಲೊಳಗೆ ದನಿ ಹುಟ್ಟಿಸುವ ಆ ಎರಡು ಪುಟ್ಟ ಪಟ್ಟಿಗಳು, ಅಷ್ಟೇ. ಮೂಗು ಸೋರಿದರೆ ಪಕ್ಕದ ಕೋಣೆ, ಕಿವಿ ನೋವಿಗೆ ಮೇಲಿನ ಮಹಡಿ, ಕೆಮ್ಮಿಗೆ ಎದುರಿನ ಕಟ್ಟಡ. ದೂರದೂರದಿಂದ ಜನ ಅವರ ಹೆಸರು ಕೇಳಿಕೊಂಡು ಬರುತ್ತಿದ್ದರು. "ನಮ್ಮ ರಾಜ್ಯ ಒಂದೂವರೆ ಸೆಂಟಿಮೀಟರ್. ಚಿಕ್ಕದೇ, ಆದರೆ ಗಡಿ ತಕರಾರಿಲ್ಲ" ಎಂದು ಅವರು ತಮಾಷೆ ಮಾಡುವುದಿತ್ತು. ಆ ರಾಜ್ಯದ ಮುಂದಿನ ದೊರೆ ಯಾರೆಂದು ಯಾರೂ ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಸೂಜಿಯ ಅಪ್ಪ ಹಳೆ ಪೇಟೆಯ ಓಣಿಯೊಂದರಲ್ಲಿ ವಾದ್ಯ ರಿಪೇರಿ ಅಂಗಡಿ ಇಟ್ಟಿದ್ದರು. ಗಾಳಿಯಿಂದ ನುಡಿಯುವ ಪೆಟ್ಟಿಗೆ ವಾದ್ಯಗಳೇ ಹೆಚ್ಚು. ಗಾಳಿ ತುಂಬುವ ತಿದಿ ಹರಿದದ್ದು, ಸ್ವರ ನುಡಿಸುವ ಹಿತ್ತಾಳೆ ರೀಡು ಸೀಳಿದ್ದು, ಇಲಿ ಕಡಿದದ್ದು. ಅವಳು ಬೆಳೆದದ್ದು ಆ ಹಿತ್ತಾಳೆಯ ಪುಡಿಯ ನಡುವೆ. ಹನ್ನೆರಡು ವರ್ಷಕ್ಕೇ ಬೆನ್ನು ತಿರುಗಿಸಿ ಕೂತು, ಎಷ್ಟನೇ ರೀಡು ಕೆಟ್ಟಿದೆ ಎಂದು ಹೇಳಿಬಿಡುತ್ತಿದ್ದಳು. ಆಸ್ಪತ್ರೆಗೆ ಸೇರಿದ ಹೊಸದರಲ್ಲಿ ಇದನ್ನೊಮ್ಮೆ ದೊಡ್ಡ ಡಾಕ್ಟರ ಎದುರು ಹೇಳಿಕೊಂಡಿದ್ದಳು. ಅವರು ನಕ್ಕು, "ಅದನ್ನೆಲ್ಲ ಮನೇಲಿಟ್ಟು ಬಾ. ಇಲ್ಲಿಗೆ ಕಣ್ಣು, ಕೈ ಎರಡೇ ಸಾಕು" ಎಂದಿದ್ದರು. ಅವಳು ಹಾಗೇ ಮಾಡಿದಳು. ಆ ಮಾತಿನಲ್ಲಿ ಕಿವಿಯ ಪ್ರಸ್ತಾಪವೇ ಇರಲಿಲ್ಲವೆಂದು ಅವಳಿಗೆ ಹೊಳೆಯಲು ಎಷ್ಟೋ ವರ್ಷ ಹಿಡಿಯಿತು.

ಆ ವರ್ಷ ಬಂದ ರೋಗಿಗಳಲ್ಲಿ ರೈಲ್ವೆ ಸ್ಟೇಷನ್ನಿನ ಉದ್ಘೋಷಕಿ ಒಬ್ಬಳು. ನಲವತ್ತರ ಹತ್ತಿರದ ಹೆಂಗಸು, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ಕೂದಲು, ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದ ಚೀಲ. "ಒಳಗೆ ಬರಬಹುದಾ?" ಎಂದು ಬಾಗಿಲಲ್ಲಿ ನಿಂತು ಕೇಳಿದ್ದೇ ತಡ, ಮೇಜಿನ ಹತ್ತಿರವಿದ್ದ ನರ್ಸು ಗಡಿಯಾರ ನೋಡಿಕೊಂಡಳು. ಆಮೇಲೆ ತಾನೇ ನಾಚಿ ನಕ್ಕಳು. ನಗರದ ಅರ್ಧ ಜನಕ್ಕೆ ಆ ದನಿ ಕೇಳಿ ಓಡಿ ರೂಢಿ. ಹದಿನೇಳು ವರ್ಷದಿಂದ ಅದು ಅವರನ್ನು ಗಾಡಿಗೆ ಹತ್ತಿಸಿತ್ತು.

ಎರಡು ತಿಂಗಳಿಂದ ಸಂಜೆಯಾದರೆ ದನಿ ಒಡೆಯುತ್ತಿದೆ ಎಂದಳು. ಎಡ ತಂತುವಿನ ಅಂಚಿನಲ್ಲಿ ಸಣ್ಣ ಗಂಟಿತ್ತು. ದೊಡ್ಡ ಡಾಕ್ಟರು ಚಿತ್ರ ನೋಡಿ ಆಪರೇಷನ್ನಿಗೆ ದಿನಾಂಕ ಬರೆದು ಕೈ ತೊಳೆಯಲು ಹೋದರು. ಆಗ ಉದ್ಘೋಷಕಿ ಸೂಜಿಯ ಕಡೆ ತಿರುಗಿ, "ನನ್ನ ದನಿ ಹೀಗೇ ಇರುತ್ತಾ ಡಾಕ್ಟರೇ?" ಎಂದು ಕೇಳಿದಳು.

"ಗಂಟು ಪೂರ್ತಿ ಹೋಗುತ್ತೆ" ಎಂದಳು ಸೂಜಿ.

ಕೇಳಿದ್ದೊಂದು, ಹೇಳಿದ್ದೊಂದು. ಆಗ ಅದು ಇಬ್ಬರಿಗೂ ತಿಳಿಯಲಿಲ್ಲ.

ಮನೆಯಲ್ಲಿ ಮಾತಿಗೆ ಮಾತು ಬಂದು ಅಪ್ಪನಿಗೆ ಇದನ್ನು ಹೇಳಿದಳು. ಅಪ್ಪ ಆ ದನಿಯನ್ನು ಬಲ್ಲವರು, ಸರಕು ತರಲು ತಿಂಗಳಿಗೆರಡು ಸಲ ಸ್ಟೇಷನ್ನಿಗೆ ಹೋಗುವವರು. ಮಾತಿನ ಕೊನೆಗೆ ಆ ಹೆಂಗಸು ಉಸಿರನ್ನು ಎಳೆದು ಕಟ್ಟಿ ಹಿಡಿಯುತ್ತಾಳೆ, ಗಂಟಲನ್ನು ಹಿಂಡುತ್ತಾಳೆ, ಮೊದಲು ಅದನ್ನು ಸಡಿಲ ಮಾಡಿಸಿ ನೋಡಬಾರದೇ ಎಂದರು. ತಿದಿ ಸರಿಯಿಲ್ಲದೆ ರೀಡನ್ನು ಅರದಿಂದ ಉಜ್ಜಿದರೆ ಆಮೇಲೆ ಪೇಚಾಡಬೇಕಾಗುತ್ತದೆ ಎಂದರು. ಸೂಜಿ ನಕ್ಕುಬಿಟ್ಟಳು. ಇದು ನಿನ್ನ ಪೆಟ್ಟಿಗೆಯಲ್ಲಪ್ಪ ಎಂದಳು. ಅಪ್ಪ ಆ ಮಾತನ್ನು ಅಲ್ಲಿಗೇ ಬಿಟ್ಟರು. ಮಗಳು ಅಷ್ಟು ಓದಿದ್ದಾಳೆ, ತನಗೇನು ಗೊತ್ತು ಎಂದುಕೊಂಡಿರಬೇಕು.

ಶಸ್ತ್ರಚಿಕಿತ್ಸೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಅವಳ ಕೈಯಿಂದ ಅಷ್ಟು ಚೆನ್ನಾದ ಕೆಲಸ ಅದಕ್ಕೆ ಮೊದಲು ಆಗಿರಲಿಲ್ಲ. ಒಂದು ವಾರ ಬಾಯಿ ತೆರೆಯಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ತಿಂಗಳ ನಂತರ ತೆಗೆದ ಚಿತ್ರದಲ್ಲಿ ಎರಡು ಪಟ್ಟಿಗಳೂ ಮುತ್ತಿನ ಬಣ್ಣ, ಅಂಚು ನೂಲು ಹಿಡಿದ ಹಾಗೆ ನೇರ. ದೊಡ್ಡ ಡಾಕ್ಟರು ಆ ಚಿತ್ರವನ್ನು ತಮ್ಮ ವೈದ್ಯರ ಸಭೆಯಲ್ಲಿ ಗೋಡೆಯಷ್ಟು ಅಗಲ ಮಾಡಿ ತೋರಿಸಿದರು. ಚಪ್ಪಾಳೆ ಬಿತ್ತು. ಸೂಜಿ ಎದ್ದು ನಿಂತು ತಲೆ ಬಾಗಿಸಿದಳು. ಆ ಗಂಟಲಿನ ದನಿ ಈಗ ಹೇಗಿದೆ ಎಂದು ಆ ಸಭೆಯಲ್ಲಿ ಒಬ್ಬರೂ ಕೇಳಲಿಲ್ಲ.

ಮೂರನೇ ತಿಂಗಳು ಉದ್ಘೋಷಕಿ ಬಂದಳು. ಬಾಗಿಲಲ್ಲಿ ಏನೋ ಹೇಳಿದಳು. ನರ್ಸು ಗಡಿಯಾರ ನೋಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. ದನಿ ಒಡೆದಿರಲಿಲ್ಲ, ಕರಕರ ಎನ್ನುತ್ತಿರಲಿಲ್ಲ. ತೆಳ್ಳಗೆ, ಸಪಾಟಾಗಿ, ಯಾರೋ ಬೇರೆಯವರದಾಗಿತ್ತು.

"ಇದು ಯಾರ ದನಿ ಡಾಕ್ಟರೇ?" ಎಂದಳು ಅವಳು.

ಸ್ಟೇಷನ್ನಿನಲ್ಲಿ ಅವಳನ್ನು ಟಿಕೆಟ್ ಕಿಟಕಿಗೆ ಹಾಕಿದ್ದರು. ಅವಳ ಹಳೆಯ ಧ್ವನಿಮುದ್ರಣಗಳಿದ್ದವು, ಗಾಡಿಗಳು ಅವುಗಳ ಮೇಲೇ ನಡೆಯುತ್ತಿದ್ದವು. ಅದಕ್ಕಿಂತ ದೊಡ್ಡ ಸಂಕಟ ಮನೆಯಲ್ಲಿತ್ತು. ಅವಳ ತಾಯಿಗೆ ಕಣ್ಣು ಹೋಗಿ ನಾಲ್ಕು ವರ್ಷ, ನೆನಪೂ ಆಗಾಗ ಕೈಕೊಡುತ್ತಿತ್ತು. ಮಗಳನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದ ಆ ಮುದುಕಿ ಈಗ ಮಗಳು ಬಾಗಿಲು ತೆಗೆದು ಕರೆದಾಗಲೆಲ್ಲ ಗೋಡೆಗೆ ಒತ್ತಿ ಕೂತುಕೊಳ್ಳುತ್ತಿದ್ದಳಂತೆ, ಮನೆಗೆ ಯಾರೋ ನುಗ್ಗಿದರೆಂದು.

ದೊಡ್ಡ ಡಾಕ್ಟರು ಗಂಟಲನ್ನು ಮತ್ತೆ ನೋಡಿದರು. ಒಂದು ಚುಕ್ಕೆ ದೋಷವಿಲ್ಲ. ಉಳಿದದ್ದು ನಮ್ಮ ಇಲಾಖೆಯದಲ್ಲ, ಮನಸ್ಸಿನ ಡಾಕ್ಟರ ಹತ್ತಿರ ಕಳಿಸಿ ಎಂದರು. ಚೀಟಿ ಬರೆದವಳು ಸೂಜಿ. ಉದ್ಘೋಷಕಿ ಅದನ್ನು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡು ಹೋದಳು, ಮತ್ತೆ ಬರಲಿಲ್ಲ.

ಸೂಜಿ ದಿನವೂ ಅದೇ ಸ್ಟೇಷನ್ನಿನಿಂದ ಆಸ್ಪತ್ರೆಗೆ ಹೋಗಿಬರುವವಳು. ಅಲ್ಲಿಯವರೆಗೆ ಅವಳು ಆ ದನಿಯನ್ನು ಕೇಳಿಸಿಕೊಂಡದ್ದೇ ಇಲ್ಲ, ಜನ ಫ್ಯಾನಿನ ಸದ್ದು ಕೇಳಿಸಿಕೊಳ್ಳದ ಹಾಗೆ. ಈಗ ಮೆಟ್ಟಿಲು ಹತ್ತುವಾಗಲೇ ಅದು ಮೇಲಿನಿಂದ ಇಳಿಯುತ್ತಿತ್ತು. "ದಯವಿಟ್ಟು ಗಮನಿಸಿ, ಮೂರನೇ ಪ್ಲಾಟ್‌ಫಾರಂಗೆ ಬರಲಿರುವ ಗಾಡಿ..." ತುಂಬಿದ, ತುಸು ಬೆಚ್ಚಗಿನ ದನಿ, ಕೊನೆಯಲ್ಲಿ ಅಪ್ಪ ಹೇಳಿದ ಆ ಬಿಗಿ ಎಳೆ. ಈ ದನಿಗೆ ಈಗ ಲೋಕದಲ್ಲಿ ಗಂಟಲಿಲ್ಲ ಎಂಬುದು ಆ ಜನಜಂಗುಳಿಯಲ್ಲಿ ಬಹುಶಃ ಅವಳೊಬ್ಬಳಿಗೇ ಗೊತ್ತಿತ್ತು. ಕೆಲವು ದಿನ ಬಸ್ಸು ಹಿಡಿದು ನೋಡಿದಳು. ಪ್ರಯೋಜನವಾಗಲಿಲ್ಲ. ಆಪರೇಷನ್ ಕೋಣೆಯಲ್ಲಿ ಯಂತ್ರಗಳ ಸದ್ದಿನ ಸಂದಿಯಿಂದ ಅದು ಬರತೊಡಗಿತು. ನಲ್ಲಿಯ ನೀರಿನಲ್ಲಿ, ಲಿಫ್ಟಿನ ಗುಂಯ್ಗುಡುವಿಕೆಯಲ್ಲಿ. ಚಾಕು ಇಡುವ ಮುನ್ನ ಒಂದು ಗಳಿಗೆ ತಡೆದು ಕಿವಿಗೊಡುವ ಅಭ್ಯಾಸ ಬಂತು. ಯಾವುದಕ್ಕೆ ಕಾಯುತ್ತಿದ್ದೀರಿ ಎಂದು ನರ್ಸು ಒಮ್ಮೆ ಕೇಳಿದಳು.

ಒಂದು ಮಧ್ಯಾಹ್ನ ಬೇಗ ಕೆಲಸ ಮುಗಿದು ಸ್ಟೇಷನ್ನಿಗೆ ಬಂದವಳಿಗೆ ಮೂರನೇ ಪ್ಲಾಟ್‌ಫಾರಂನ ಕಲ್ಲುಬೆಂಚಿನ ಮೇಲೆ ಒಬ್ಬ ಮುದುಕಿ ಕಂಡಳು. ಕೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡು, ಮುಖವನ್ನು ಮೇಲಿನ ಲೌಡ್‌ಸ್ಪೀಕರ್ ಕಡೆ ಎತ್ತಿ ಕೂತಿದ್ದಳು. ಗಾಡಿ ಬಂತು, ಹೋಯಿತು. ಮುದುಕಿ ಏಳಲಿಲ್ಲ. ಪಕ್ಕದಲ್ಲಿ ತೊಡೆಯ ಮೇಲೆ ಎರಡೂ ಕೈಯಲ್ಲಿ ಚೀಲ ಹಿಡಿದು ಕೂತಿದ್ದ ಹೆಂಗಸನ್ನು ನೋಡಿ ಸೂಜಿ ಗಕ್ಕನೆ ನಿಂತಳು. ಉದ್ಘೋಷಕಿ ಕೂಡ ಅವಳನ್ನು ನೋಡಿದಳು.

ಅಲ್ಲಿಂದ ಓಡಿಹೋಗಬೇಕೆನಿಸಿದರೂ ಸೂಜಿ ಹೋಗಿ ಮುದುಕಿಯ ಇನ್ನೊಂದು ಪಕ್ಕದಲ್ಲಿ ಕೂತಳು. ಯಾರೋ ಕೂತದ್ದು ತಿಳಿದು ಮುದುಕಿ ಇತ್ತ ವಾಲಿದಳು.

"ಕೇಳ್ತಿದೀಯಾ? ಇವಳು ನನ್ನ ಮಗಳು" ಎಂದಳು, ಮೇಲಕ್ಕೆ ಕೈ ತೋರಿಸಿ. "ಈಗ ನಾಲ್ಕೂ ಹತ್ತರದ್ದು ಹೇಳ್ತಾಳೆ ನೋಡು. ಬಿಡುವೇ ಇಲ್ಲ ಅವಳಿಗೆ. ಮನೆಗೆ ಬಂದು ಎಷ್ಟು ದಿನ ಆಯ್ತೋ."

"ನಿಮ್ಮನ್ನ ಯಾರಜ್ಜಿ ಕರ್ಕೊಂಡು ಬರ್ತಾರೆ?"

"ಇದೋ, ಇಲ್ಲಿದಾಳಲ್ಲ" ಎಂದು ಮುದುಕಿ ಇನ್ನೊಂದು ಕೈಯಿಂದ ಮಗಳ ಮೊಣಕೈ ಸವರಿದಳು. "ಯಾರೋ ಪಾಪ, ಒಳ್ಳೆಯವಳು. ಮಾತು ಕಮ್ಮಿ."

ಮೇಲಿನಿಂದ ನಾಲ್ಕೂ ಹತ್ತರ ಗಾಡಿಯ ಮಾತು ಬಂತು. ಮುದುಕಿಯ ಮುಖ ಅರಳಿತು. ಉದ್ಘೋಷಕಿ ಹಳಿಗಳ ಕಡೆ ನೋಡುತ್ತ ಕೂತಿದ್ದಳು, ತನ್ನ ದನಿ ತನ್ನ ತಲೆಯ ಮೇಲೆ ಹಾದುಹೋಗುವವರೆಗೂ.

ಅಂದು ಸೂಜಿ ಅಪ್ಪನ ಅಂಗಡಿಗೆ ಹೋಗಿ, ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ನಾನು ಆಗಲೇ ಹೇಳಿರಲಿಲ್ಲವೇ ಎಂದು ಅಪ್ಪ ಅನ್ನಲಿಲ್ಲ. ತಾನು ಕೆಲಸ ಕಲಿಯುವಾಗ ಒಬ್ಬರ ವಾದ್ಯ ಕೆಡಿಸಿದ್ದನ್ನು, ಅವರು ಅದನ್ನು ತೆಗೆದುಕೊಂಡು ಹೋಗಲು ಕೊನೆಗೂ ಬರದೇ ಹೋದದ್ದನ್ನು ಹೇಳಿದರು. ಅದು ಈಗೆಲ್ಲಿದೆ ಎಂದು ಅವಳು ಕೇಳಿದಾಗ ಅಟ್ಟದ ಕಡೆ ಗದ್ದ ಎತ್ತಿ ತೋರಿಸಿದರು.

ಅದೇ ಹೊತ್ತಿಗೆ ದೊಡ್ಡ ಡಾಕ್ಟರ ನಿವೃತ್ತಿ ಹತ್ತಿರ ಬಂತು. ತಮ್ಮ ಕುರ್ಚಿಗೆ ಅವಳ ಹೆಸರನ್ನು ಬರೆದು ಸಹಿಗೆ ಇಟ್ಟಿದ್ದರು. ಸೂಜಿ ಅವರ ಕೋಣೆಗೆ ಹೋಗಿ ತಾನು ಬೇರೊಂದು ಕಡೆ ಅರ್ಜಿ ಹಾಕಿರುವುದಾಗಿ ಹೇಳಿದಳು. ವಿಶ್ವವಿದ್ಯಾಲಯದ ಹಿಂಭಾಗದ ಹಳೆಯ ಕಟ್ಟಡದಲ್ಲಿ ಎರಡು ವರ್ಷದ ಓದು. ಅರ್ಧ ಭೌತವಿಜ್ಞಾನ, ಅರ್ಧ ಹಾಡುಗಾರಿಕೆ, ನಡುವೆ ಉಸಿರಾಟ, ಮಾತು ಕಲಿಸುವ ವಿದ್ಯೆ. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಸ್ಟೇಷನ್ನಿನವಳ ಸಲುವಾಗಿ ತಾನೇ?"

"ಹೌದು ಸಾರ್."

"ನಿನ್ನ ಕೈಯಲ್ಲಿ ತಪ್ಪಿರಲಿಲ್ಲ."

"ಕೈಯಲ್ಲಿ ಇರಲಿಲ್ಲ ಸಾರ್. ಅವಳು ಮಾತಾಡಿದ್ದನ್ನ ನಾನು ಕೇಳಲೇ ಇಲ್ಲ. ಒಳಗೆ ಇಣುಕಿ ನೋಡಿದೆ, ಅಷ್ಟೇ."

ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಆಂಬ್ಯುಲೆನ್ಸ್ ಒಂದು ಹಿಂದಕ್ಕೆ ಚಲಿಸುತ್ತ ಕೀಂಗುಟ್ಟುತ್ತಿತ್ತು.

"ನನಗೂ ಕೇಳಿಸುತ್ತೆ" ಎಂದರು ಆಮೇಲೆ. "ಅವಳ ಹಾಗೆ ದನಿ ಕಳಕೊಂಡವರು ಹನ್ನೊಂದು ಜನ. ಚಿತ್ರ ಎಲ್ಲ ಚೆನ್ನಾಗೇ ಇತ್ತು. ಕಿವಿ ಮುಚ್ಚಿಕೊಂಡೆ. ಮುಚ್ಚಿಕೊಳ್ಳದಿದ್ರೆ ಮಾರನೇ ದಿನ ಕೈ ಎತ್ತೋಕೆ ಆಗ್ತಿರಲಿಲ್ಲ. ನೀನು ಅದನ್ನ ತೆರೆದಿಟ್ಟುಕೊಂಡು ಚಾಕು ಹಿಡೀತೀಯಾ? ಹಿಡಿದು ನೋಡು. ಅತ್ತ ಅದೂ ಇಲ್ಲ ಇತ್ತ ಇದೂ ಇಲ್ಲ ಅಂತ ಆಗ್ತೀಯ."

ಬಯ್ಗುಳದಂತೆ ಶುರುವಾದದ್ದು ಕೊನೆಗೆ ಹಾಗೆ ಕೇಳಿಸಲಿಲ್ಲ. ಅವಳು ಹೊರಡುವಾಗ ಅವರು ಏಳಲಿಲ್ಲ. ಕಾಗದದ ಮೇಲಿನ ಅವಳ ಹೆಸರನ್ನು ಹೊಡೆದುಹಾಕುತ್ತಿದ್ದರು.

ಎರಡು ವರ್ಷ ಸುಲಭವಾಗಿ ಕಳೆಯಲಿಲ್ಲ. ತರಗತಿಯಲ್ಲಿ ಎಲ್ಲರಿಗಿಂತ ಹಿರಿಯಳು ಅವಳೇ. ಶಬ್ದದ ಲೆಕ್ಕ ಕಲಿಸುವ ಮೇಷ್ಟ್ರು ಬೋರ್ಡಿನ ತುಂಬ ಅಲೆಗಳನ್ನು ಎಳೆದರೆ ಅವಳಿಗೆ ತಲೆಬುಡ ತಿಳಿಯುತ್ತಿರಲಿಲ್ಲ. ಹಾಡು ಕಲಿಸುವ ಟೀಚರು ಒಂದೇ ಸ್ವರವನ್ನು ಎರಡು ಸಲ ಹಾಡಿ, ವ್ಯತ್ಯಾಸ ಹೇಳಿ ಎಂದರೆ ಇಪ್ಪತ್ತರ ಹುಡುಗಿಯರು ಥಟ್ಟನೆ ಹೇಳಿಬಿಡುತ್ತಿದ್ದರು, ಇವಳು ಕೂತು ಬೆವರುತ್ತಿದ್ದಳು. ಹನ್ನೆರಡು ವರ್ಷಕ್ಕೆ ಇದ್ದ ಕಿವಿ ಎಲ್ಲಿ ಹೋಯಿತೋ. ಆಸ್ಪತ್ರೆಯ ಹಳೆಯ ಗೆಳೆಯರು ಸಿಕ್ಕಿದಾಗ, ಸಂಗೀತ ಕಚೇರಿ ಯಾವಾಗ ಇಟ್ಟುಕೊಂಡಿದ್ದೀರಿ, ನಮಗೂ ಮುಂದಿನ ಸಾಲು ಕೊಡಿ ಎಂದು ಛೇಡಿಸುತ್ತಿದ್ದರು. ಅವಳು ನಗುತ್ತಿದ್ದಳು. ಮನೆಗೆ ಬಂದು ಅಪ್ಪನ ರೀಡುಗಳನ್ನು ಒಂದೊಂದಾಗಿ ಊದಿ ಕೇಳುತ್ತಿದ್ದಳು. ಎಂಟನೇ ತಿಂಗಳು ಒಂದು ದಿನ ಅಪ್ಪನಿಗಿಂತ ಮೊದಲು ಕೆಟ್ಟದ್ದನ್ನು ಹಿಡಿದಳು.

ಕಿವಿ ಮರಳಿದಂತೆಲ್ಲ ಸಂಕಟವೂ ಹೆಚ್ಚಿತು. ಮಾತಿನ ಚಿಕಿತ್ಸೆಯ ಪಾಠದಲ್ಲಿ ಉದ್ಘೋಷಕಿಗೆ ಇದ್ದಂಥ ಗಂಟುಗಳ ಮಾತು ಬಂತು. ಉಸಿರಿನ ಅಭ್ಯಾಸ ತಿದ್ದಿದರೆ ಅಂಥವು ಎಷ್ಟೋ ಸಲ ಚಾಕು ಇಲ್ಲದೆಯೇ ಕರಗುತ್ತವೆ ಎಂದರು ಕಲಿಸುವವರು. ಎಲ್ಲವೂ ಅಲ್ಲ, ಎಷ್ಟೋ. ಸೂಜಿ ಎದ್ದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು. ಆ ಗಂಟು ಕರಗುವಂಥದ್ದಾಗಿತ್ತೋ ಇಲ್ಲವೋ, ಇನ್ನು ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅದನ್ನು ಅವಳೇ ಗಾಜಿನ ಶೀಶೆಗೆ ಹಾಕಿ ಪರೀಕ್ಷೆಗೆ ಕಳಿಸಿದ್ದಳು.

ವಾರದ ಕೊನೆಗೆ ವಿಳಾಸ ಹುಡುಕಿಕೊಂಡು ಉದ್ಘೋಷಕಿಯ ಮನೆಗೆ ಹೋದಳು. ಮೂರನೇ ಮಹಡಿಯ ಎರಡು ಕೋಣೆ. ಗೋಡೆಯುದ್ದಕ್ಕೂ, ಕಾಣದವರು ಹಿಡಿದು ನಡೆಯಲೆಂದು ಹಗ್ಗ ಕಟ್ಟಿತ್ತು. ಮುದುಕಿ ಒಳಗೆ ಮಲಗಿದ್ದಳು. ಅಡುಗೆಮನೆಯ ಮೇಜಿನ ಎದುರು ಕೂತು ಸೂಜಿ ಕಲಿತದ್ದನ್ನು ಮುಚ್ಚಿಡದೆ ಹೇಳಿದಳು. ಅಪ್ಪ ಹೇಳಿದ್ದನ್ನೂ ತಾನು ನಕ್ಕದ್ದನ್ನೂ ಹೇಳಿದಳು.

ಉದ್ಘೋಷಕಿ ಪೂರ್ತಿ ಕೇಳಿಸಿಕೊಂಡಳು. ಆ ತೆಳ್ಳನೆಯ ದನಿಯಲ್ಲಿ, "ಇದನ್ನ ಹೇಳಿ ನಿಮಗೆ ಹಗುರ ಆಯ್ತಾ?" ಎಂದಳು.

"ಇಲ್ಲ."

"ಆಗಬಾರದು" ಎಂದು ಎದ್ದು ಬಾಗಿಲು ತೆರೆದಳು.

ಎರಡು ವಾರ ಕಳೆದು ಅವಳೇ ವಿಶ್ವವಿದ್ಯಾಲಯದ ಹಿಂದಿನ ಕಟ್ಟಡಕ್ಕೆ ಬಂದಳು. ಸಿಟ್ಟು ಹೋಗಿಲ್ಲ ಎಂದು ಮೊದಲೇ ಹೇಳಿದಳು. ಅಮ್ಮ ಇನ್ನೂ ಬದುಕಿದ್ದಾಳೆ, ಅವಳಿರುವಷ್ಟರೊಳಗೆ ದನಿ ಎಷ್ಟು ಬರುತ್ತದೋ ಅಷ್ಟು ಬರಲಿ ಎಂದಳು. ಮೂವರು ಅವಳ ಜೊತೆ ಕೂತರು. ಮೇಷ್ಟ್ರು ಹಳೆಯ ಮುದ್ರಣವನ್ನೂ ಹೊಸ ದನಿಯನ್ನೂ ಪರದೆಯ ಮೇಲೆ ಪಕ್ಕಪಕ್ಕ ಇಟ್ಟು ಏನು ಕಳೆದಿದೆ ಎಂದು ತೋರಿಸಿದರು. ಟೀಚರು ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ಬಿಡಿಸಿದರು. ಸೂಜಿ ತಂತುಗಳನ್ನು ನೋಡಿದಳು, ಈಗ ಮಾತಾಡಿಸುತ್ತ ನೋಡಿದಳು. ಚಿತ್ರದಲ್ಲಿ ಮುತ್ತಿನಂತಿದ್ದ ಎಡ ಅಂಚು ಅಲೆಯಾಡುತ್ತಿರಲಿಲ್ಲ, ಗಾಯ ಮಾಗಿದ ಚರ್ಮದ ಹಾಗೆ ಬಿಗಿದುಕೊಂಡಿತ್ತು. ಆ ಬಿಗಿಯ ಮೇಲೆ ಹೆಂಗಸು ಹಳೆಯ ರೂಢಿಯಂತೆ ಗಂಟಲು ಹಿಂಡುತ್ತಿದ್ದಳು.

ಏಳು ತಿಂಗಳು ಹಾಗೆ ಹೋಯಿತು. ಹಳೆಯ ದನಿ ಬರಲಿಲ್ಲ. ಬರುವುದಿಲ್ಲವೆಂದು ನಾಲ್ವರಿಗೂ ಬೇಗನೆ ಗೊತ್ತಾಗಿತ್ತು, ಯಾರೂ ಅಂದಿರಲಿಲ್ಲ. ಬಂದದ್ದು ತಗ್ಗಿನ, ತುಸು ಒರಟು ದನಿ. ಆದರೂ ಅದರಲ್ಲಿ ಅವಳ ಸಿಟ್ಟು ಕೇಳಿಸುತ್ತಿತ್ತು, ನಗು ಬಂದರೆ ಅದೂ ಕೇಳಿಸುತ್ತಿತ್ತು. ಒಂದು ದಿನ ಬಂದವಳು ಚೀಲ ಕೆಳಗಿಡದೆ ಹೇಳಿದಳು. ಬೆಳಿಗ್ಗೆ ಅಮ್ಮನ ತಲೆ ಬಾಚುತ್ತ, ಬಾಯಿ ಮುಚ್ಚಿ ಗುನುಗುವ ಅಭ್ಯಾಸ ಮಾಡುತ್ತಿದ್ದಳಂತೆ. ಮುದುಕಿ ಬಾಚಣಿಗೆಯ ಕೈ ಹಿಡಿದು ನಿಲ್ಲಿಸಿದಳಂತೆ.

"'ಇದು ನನ್ನ ಮಗಳು ಗುನುಗೋ ರೀತಿ. ಅವಳ ಹತ್ರ ಕಲಿತೆಯಾ?' ಅಂದಳು."

"ನೀವೇನಂದ್ರಿ?"

"ಹೌದಮ್ಮ ಅಂದೆ. ಮತ್ತೇನನ್ನಲಿ?"

ಮುದುಕಿ ಆ ಚಳಿಗಾಲ ದಾಟಲಿಲ್ಲ. ಕೊನೆಯವರೆಗೂ ಅವಳ ಲೆಕ್ಕಕ್ಕೆ ಹೆಣ್ಣುಮಕ್ಕಳು ಇಬ್ಬರು, ಸ್ಟೇಷನ್ನಿನಲ್ಲಿರುವ ತನ್ನವಳೊಬ್ಬಳು, ತಲೆ ಬಾಚುವ ಯಾರೋ ಒಬ್ಬಳು. ಎರಡನೆಯವಳ ದನಿಗೆ ಹೆದರುವುದನ್ನು ಮಾತ್ರ ಬಿಟ್ಟಿದ್ದಳು.

ಓದು ಮುಗಿಸಿ ಸೂಜಿ ಆಸ್ಪತ್ರೆಗೆ ವಾಪಸು ಹೋದಳು. ಕುರ್ಚಿ ಬೇರೆಯವರಿಗೆ ಹೋಗಿತ್ತು. ಅವಳಿಗೆ ಸಿಕ್ಕಿದ್ದು ಉಗ್ರಾಣದ ಪಕ್ಕದ ಕಿಟಕಿಯಿಲ್ಲದ ಕೋಣೆ. ಒಂದು ಗೋಡೆಗೆ ಮೈಕ್ರೋಸ್ಕೋಪು, ಇನ್ನೊಂದಕ್ಕೆ ಮೈಕು. ಯಾರ ಗಂಟಲನ್ನೇ ಆಗಲಿ, ಮೊದಲು ಅರ್ಧ ಗಂಟೆ ಮಾತಾಡಿಸಿ ಮುದ್ರಿಸಿಕೊಂಡಲ್ಲದೆ ಅವಳು ಒಳಗೆ ಇಣುಕುತ್ತಿರಲಿಲ್ಲ. ಚಾಕು ಹಿಡಿಯುವುದು ಕಡಿಮೆಯಾಯಿತು, ಹಿಡಿದಾಗ ಮೊದಲಿಗಿಂತ ನಿಧಾನ. ಅವಳನ್ನು ಯಾವ ಇಲಾಖೆಯ ಪಟ್ಟಿಗೆ ಸೇರಿಸಬೇಕೆಂದು ಕಚೇರಿಯವರಿಗೆ ತಿಳಿಯದೆ, ಎರಡು ವರ್ಷ ಅವಳ ಹೆಸರು ಯಾವ ಬೋರ್ಡಿನಲ್ಲೂ ಬರಲಿಲ್ಲ. ಉದ್ಘೋಷಕಿ ಸ್ಟೇಷನ್ನಿನ ಕೆಲಸ ಬಿಟ್ಟು ವಾರಕ್ಕೆ ಮೂರು ದಿನ ಆ ಕೋಣೆಗೆ ಬಂದು, ಹೊಸಬರಿಗೆ ಉಸಿರು ಕಲಿಸತೊಡಗಿದಳು. ಇಬ್ಬರೂ ಕೆಲಸದ ಮಾತು ಬಿಟ್ಟು ಬೇರೆ ಹೆಚ್ಚು ಆಡುತ್ತಿರಲಿಲ್ಲ. ಇಬ್ಬರಿಗೂ ಅದೇ ಹಿತವಾಗಿತ್ತು.

ದೊಡ್ಡ ಡಾಕ್ಟರು ನಿವೃತ್ತರಾಗಿ ಮೂರನೇ ವರ್ಷ ಅವಳ ಹೆಸರಿಗೆ ಒಂದು ಲಕೋಟೆ ಬಂತು. ಒಳಗೆ ಕಾಗದವಿರಲಿಲ್ಲ, ಹಳೆಯ ಮದ್ದಿನ ಚೀಟಿಯೊಂದರ ಹಿಂದೆ ಅವರದೇ ಅಕ್ಷರದಲ್ಲಿ ಹನ್ನೊಂದು ಹೆಸರು, ಪಕ್ಕದಲ್ಲಿ ಇಸವಿ. ಸೂಜಿ ದಾಖಲೆ ಕೋಣೆಗೆ ಇಳಿದು ವಿಳಾಸ ಹುಡುಕಿ ಹನ್ನೊಂದು ಜನಕ್ಕೂ ಬರೆದಳು. ಆರು ಕಾಗದ ಹಾಗೇ ಹಿಂದಕ್ಕೆ ಬಂದವು. ನಾಲ್ಕಕ್ಕೆ ಉತ್ತರವಿಲ್ಲ. ಮಳೆ ನಿಂತ ಒಂದು ಬೆಳಿಗ್ಗೆ ಒಬ್ಬ ವೃದ್ಧರು ಆ ಕಾಗದವನ್ನು ಕೈಯಲ್ಲಿ ಹಿಡಿದು ಉಗ್ರಾಣದ ಪಕ್ಕದ ಬಾಗಿಲಲ್ಲಿ ನಿಂತಿದ್ದರು. ಶಾಲಾ ಮಾಸ್ತರಾಗಿದ್ದವರು. ಆಪರೇಷನ್ ಆಗಿ ಇಪ್ಪತ್ತೆರಡು ವರ್ಷ.

ಉದ್ಘೋಷಕಿ ಕುರ್ಚಿ ಎಳೆದು ಕೊಟ್ಟಳು. ಸೂಜಿ ಮೈಕನ್ನು ಅವರ ಹತ್ತಿರ ಸರಿಸಿ, ಏನು ತೊಂದರೆಯಿದೆ, ನಿಧಾನವಾಗಿ ಹೇಳಿ ಎಂದಳು. ಮಾಸ್ತರು ಬೇಡವೆಂಬಂತೆ ತಲೆಯಾಡಿಸಿದರು. ಅವರಲ್ಲಿ ಪಿಸುಮಾತಷ್ಟೇ ಉಳಿದಿತ್ತು, ಇಬ್ಬರೂ ಮುಂದಕ್ಕೆ ಬಾಗಬೇಕಾಯಿತು.

"ತೊಂದರೆ ಹೇಳೋಕೆ ಬಂದಿಲ್ಲಮ್ಮ. ಅದು ಅಭ್ಯಾಸ ಆಗಿಹೋಗಿದೆ. ಇಷ್ಟು ವರ್ಷ ಆದ ಮೇಲೆ ನನ್ನ ನೆನಪು ಯಾರಿಗೆ ಬಂತು, ಅದನ್ನ ಕೇಳಿಕೊಂಡು ಹೋಗೋಣ ಅಂತ ಬಂದೆ."

ಸೂಜಿ ಎದ್ದು ಹೋಗಿ ದೊಡ್ಡ ಡಾಕ್ಟರ ಮನೆಯ ಫೋನ್ ನಂಬರು ಹುಡುಕತೊಡಗಿದಳು.